ಕರುವಿಗೂ ಸಾಲದ ಹಾಲು

ಕಳೆದ ರಜೆಗೆ ಬಂದಾಗ ನೀವಿಬ್ಬರೂ ನನ್ನ ಆಫೀಸಿನ ಫೋನು ಹಿಡಿದುಕೊಂಡು ಒಂದು ಪ್ರಶ್ನೆ ಕೇಳಿದಿರಿ. ಪರದೆಯ ಮೇಲೆ ಕನ್ನಡದಲ್ಲಿ ಎರಡು ಸಾಲು, ಅದರ ಕೆಳಗೆ ಅದೇ ಮಾತು ಇಂಗ್ಲಿಷಿನಲ್ಲಿ, ಪಕ್ಕದಲ್ಲಿ 'ಹಾಲು' ಎಂದು ಬರೆದಿರುವ ಕಡೆ ಮಾತ್ರ ಬರೀ ಚುಕ್ಕಿಗಳು. "ಅಜ್ಜೀ, ಇಲ್ಲೇನೋ ಮುಚ್ಚಿಟ್ಟಿದಾರೆ" ಎಂದು ಚಿಕ್ಕವಳು ಬೆರಳಿಟ್ಟು ತೋರಿಸಿದಳು. ನಾನು "ಊಟಕ್ಕೆ ಏಳ್ರಿ" ಎಂದು ಒಳಗೆ ಹೋಗಿಬಿಟ್ಟೆ. ಎದುರಿಗೆ ಕೂತು ಉದ್ದಕ್ಕೆ ಹೇಳುವುದು ನನಗೆ ಯಾವತ್ತೂ ಬಂದಿಲ್ಲ. ಬರೆದರೆ ಒಂದಿಷ್ಟು ಹೇಳಬಲ್ಲೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಆಫೀಸು ದೇವನಹಳ್ಳಿಯಲ್ಲಿ, ಟೈಲ್ಸ್ ಅಂಗಡಿಯ ಮಹಡಿಯಲ್ಲಿದೆ. ಹಸುಗಳ ಆರೋಗ್ಯ ನೋಡಿಕೊಳ್ಳುವ ಸಂಸ್ಥೆ ಅದು. ಜಿಲ್ಲೆಯ ನಾಲ್ಕು ತಾಲ್ಲೂಕಿನಲ್ಲೂ ಪಶುಸಖಿಯರೆಂದು ಕರೆಯುವ ಹೆಂಗಸರಿದ್ದಾರೆ. ಅವರು ಮನೆಮನೆಗೆ ಹೋಗಿ ಹಸು ಮೇವು ತಿನ್ನುತ್ತಿದೆಯೇ, ಮೈ ಬಿಸಿಯಿದೆಯೇ, ಕೆಚ್ಚಲು ಹೇಗಿದೆ, ಹಾಲು ಹೇಗಿದೆ ಎಂದು ವಿಚಾರಿಸಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತಾರೆ. ಮನೆಯವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬೇಕು, ತಮ್ಮದೇನೂ ಸೇರಿಸಬಾರದು ಎಂಬುದು ಮೊದಲಿನಿಂದ ಬಂದ ನಿಯಮ. ಆ ಸಾಲುಗಳ ಫೋಟೋ ನನಗೆ ಬರುತ್ತಿತ್ತು. ನಾನು ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ಡಾಕ್ಟರು ಅದನ್ನು ನೋಡಿ ಯಾವ ಊರಿಗೆ ಚಿಕಿತ್ಸೆಯ ಗಾಡಿ ಕಳಿಸಬೇಕೆಂದು ಹೇಳುತ್ತಿದ್ದರು. ಗಾಡಿ ಇರುವುದು ಒಂದೇ.

ಹಳೆಯ ಡಾಕ್ಟರು ನಮ್ಮ ಕಡೆಯವರು. ಅವರು ನಿವೃತ್ತರಾದ ಮೇಲೆ ಬಂದವರು ಬೇರೆ ರಾಜ್ಯದವರು, ದೂರದ ಊರಿನಲ್ಲೇ ಕೂತು ಪರದೆಯಲ್ಲಿ ನೋಡುವವರು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಮ್ಯಾನೇಜರು ಎಲ್ಲರನ್ನೂ ಕೂರಿಸಿ ನೇರವಾಗಿ ಹೇಳಿದರು: "ನೋಡಿ, ಸಖಿಯರು ಬರೆಯೋದು ತಾನಾಗೇ ಇಂಗ್ಲಿಷಾಗಿ ಡಾಕ್ಟರ ಮುಂದೆ ಬರೋ ಹಾಗೆ ಮಾಡಿಸ್ತಿದ್ದೀನಿ. ಆದರೆ ಸರಿ. ಆಗಲಿಲ್ಲ ಅಂದ್ರೆ ಫಾರಂನೇ ಇಂಗ್ಲಿಷ್ ಮಾಡ್ಬೇಕಾಗ್ತದೆ. ಇಂಗ್ಲಿಷ್ ಬರೋರನ್ನ ತಗೋಬೇಕಾಗ್ತದೆ."

ಸಖಿಯರಲ್ಲಿ ಹೆಚ್ಚಿನವರು ನನ್ನ ಹಾಗೆ ಹಳ್ಳಿ ಶಾಲೆಯಲ್ಲಿ ಓದು ಮುಗಿಸಿದವರು. ಕೆಲವರಿಗೆ ಆ ಸಂಬಳ ಬಿಟ್ಟರೆ ಮನೆಗೆ ಬೇರೆ ಆಧಾರವಿಲ್ಲ. ನಿಮ್ಮ ತಾತ ಹೋದ ಮೇಲೆ ನನ್ನ ಕೈ ಹಿಡಿದದ್ದೂ ಇದೇ ಕೆಲಸ.

ಮುಂದಿನ ವಾರ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಹೊಸಕೋಟೆಯವಳು, ಮನೆಯಲ್ಲಿ ದಖನಿ ಮಾತಾಡುವವರು, ಅಪ್ಪನದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ನನ್ನನ್ನು ಮೊದಲ ದಿನವೇ 'ಅಮ್ಮಾ' ಎಂದು ಕರೆದಳು. ನನ್ನ ಕುರ್ಚಿಯ ಪಕ್ಕಕ್ಕೆ ತನ್ನ ಕುರ್ಚಿ ಎಳೆದುಕೊಂಡಳು. ನನಗೆ ಮುಜುಗರವಾಗಿ ನನ್ನದನ್ನು ಗೋಡೆಯ ಕಡೆಗೆ ಸರಿಸಿಕೊಂಡೆ. ಅವಳೂ ಸರಿದಳು.

ಅವಳು ಮಾಡಲು ಬಂದ ಕೆಲಸ ಇದು. ನಮ್ಮ ಮಾಹಿತಿ ಒಂದು ಕಡೆ ಇರಲಿಲ್ಲ. ಸಖಿಯರ ಬರಹ ನಮ್ಮ ಕಂಪ್ಯೂಟರಿನಲ್ಲಿ, ಹಸುಗಳ ಕಿವಿಯೋಲೆ ನಂಬರು ಇನ್ನೊಂದು ಕಡೆ, ಹಿಂದಿನ ಚಿಕಿತ್ಸೆಯ ವಿವರ ಮತ್ತೊಂದು ಕಡೆ. ಎಲ್ಲವನ್ನೂ ಎತ್ತಿ ಒಂದೇ ಕಡೆ ತುಂಬದೆ, ಇದ್ದಲ್ಲೇ ಬಿಟ್ಟು, ಕೇಳಿದಾಗ ಮಾತ್ರ ಅಲ್ಲಲ್ಲಿಂದ ತಂದು ಒಂದೇ ಪರದೆಯಲ್ಲಿ ಜೋಡಿಸಿ ತೋರಿಸುವ ವ್ಯವಸ್ಥೆಯನ್ನು ಸಂಸ್ಥೆ ಆಗಲೇ ಹಾಕಿಸಿತ್ತು. ಅದಕ್ಕೆ ಡೇಟಾ ವರ್ಚುವಲೈಸೇಶನ್ ಎನ್ನುತ್ತಾರೆ. ಇನ್ನು ಅನುವಾದ ಮಾಡುವ ಸೇವೆ ಕ್ಲೌಡಿನಲ್ಲಿ, ಅಂದರೆ ಇಂಟರ್ನೆಟ್ಟಿನ ಆಚೆ ಯಾರದೋ ದೊಡ್ಡ ಕಂಪ್ಯೂಟರುಗಳಲ್ಲಿ ಇರುತ್ತದೆ. ಕನ್ನಡ ವಾಕ್ಯ ಕಳಿಸಿದರೆ ಇಂಗ್ಲಿಷ್ ವಾಕ್ಯ ವಾಪಸು ಬರುತ್ತದೆ. ಇವೆರಡನ್ನೂ ಬೆಸೆಯಬೇಕಿತ್ತು.

ಸುಲಭವಾಗಿ ಆಗಲಿಲ್ಲ. ಮೊದಲು ನಮ್ಮ ಆಫೀಸಿನ ಇಂಟರ್ನೆಟ್ಟಿಗೆ ಹಾಕಿದ ಕಾವಲು, ಅಂದರೆ ಫೈರ್‌ವಾಲ್, ವಾಕ್ಯವನ್ನು ಹೊರಗೆ ಹೋಗಲು ಬಿಡಲಿಲ್ಲ. ಅದಕ್ಕೆ ಅಪ್ಪಣೆ ತೆಗೆದುಕೊಂಡ ಮೇಲೆ, ಆ ಕಡೆಯಿಂದ ಬಂದ ಗುರುತಿನ ಸರ್ಟಿಫಿಕೇಟನ್ನು ನಮ್ಮ ಕಡೆಯ ವ್ಯವಸ್ಥೆ ನಂಬಲಿಲ್ಲ. ಹುಡುಗಿ ಅದನ್ನು ನಂಬಿಕಸ್ತರ ಪಟ್ಟಿಗೆ ಸೇರಿಸಿದಳು. ಆಮೇಲೆ ಮೊದಲ ವಾಕ್ಯ ಹೋಗಿಬಂತು. "ಹಸು ಮೇವು ಮುಟ್ಟುತ್ತಿಲ್ಲ" ಎಂದು ನಾನೇ ಟೈಪು ಮಾಡಿದ್ದೆ. ಇಂಗ್ಲಿಷಿನಲ್ಲಿ ಸರಿಯಾಗಿ ಬಂತು. ಹುಡುಗಿ ನನ್ನ ಕೈ ಹಿಡಿದು ಕುಲುಕಿದಳು.

ಆ ಸಂತೋಷದಲ್ಲಿ ಹಳೆಯ ಬರಹಗಳನ್ನು ತೆರೆದೆವು. ಪರದೆ ತುಂಬ ಸೊಟ್ಟಸೊಟ್ಟ ಇಂಗ್ಲಿಷ್ ಅಕ್ಷರಗಳು, ಮೇಲೊಂದು ಕೊಂಬು, ಕೆಳಗೊಂದು ಚುಕ್ಕಿ.

"ಅರೆ, ಇದ್ಯಾವ ಭಾಷೆ ಅಮ್ಮಾ?"

"ಕನ್ನಡಾನೇ ಕಣಮ್ಮ. ನಾನೇ ಹೊಡೆದಿದ್ದು."

ಹಿಂದೆ ನಾವು ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ ಟೈಪು ಮಾಡುತ್ತಿದ್ದೆವು. ನಮ್ಮ ಕಂಪ್ಯೂಟರಿನಲ್ಲಿ ನೋಡಿದರೆ ಕನ್ನಡವೇ. ಒಳಗೆ ಮಾತ್ರ ಇಂಗ್ಲಿಷ್ ಅಕ್ಷರಗಳಾಗಿ ಕೂತಿರುತ್ತಿತ್ತು. ಬೇರೆ ಕಡೆ ತೆರೆದರೆ ಹೀಗೆ. ಅನುವಾದದ ಸೇವೆ ಅದನ್ನು ಕಳಿಸಿದ ಹಾಗೇ ಹಿಂದಕ್ಕೆ ಕಳಿಸಿತು. ಹುಡುಗಿ ಪರಿವರ್ತನೆಯ ಒಂದು ಪ್ರೋಗ್ರಾಂ ಹಾಕಿದಳು. ಕೆಲವು ಒತ್ತಕ್ಷರಗಳು ಜಾಗ ತಪ್ಪಿದವು. ಅವನ್ನು ನಾನು ಒಂದೊಂದಾಗಿ ನೋಡಿ ಹೇಳುವುದು, ಅವಳು ನಿಯಮ ತಿದ್ದುವುದು, ಹೀಗೆ ಕೆಲವು ದಿನ ಹೋಯಿತು. ಮಧ್ಯಾಹ್ನ ನನ್ನ ಡಬ್ಬಿಯ ಮುದ್ದೆ ಸಾರು ಅವಳಿಗೆ, ಅವಳ ಮನೆಯ ಬಿರಿಯಾನಿಯ ವಾಸನೆ ನನಗೆ.

ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಯಾರಾದರೂ ಪರದೆ ತೆರೆದಾಗಲೆಲ್ಲ ವ್ಯವಸ್ಥೆ ಎಲ್ಲ ಬರಹವನ್ನೂ ಹೊಸದಾಗಿ ಅನುವಾದಕ್ಕೆ ಕಳಿಸುತ್ತಿತ್ತು. ದಿನಕ್ಕೆ ಇಷ್ಟು ಎಂಬ ಮಿತಿ ಊಟದ ಹೊತ್ತಿಗೇ ಮುಗಿದು, ಆಮೇಲೆ ಏನು ಕೇಳಿದರೂ ಖಾಲಿ. ಒಮ್ಮೆ ಆದ ಅನುವಾದವನ್ನು ನಮ್ಮಲ್ಲೇ ಉಳಿಸಿಕೊಂಡು, ಹೊಸ ಬರಹವನ್ನು ಮಾತ್ರ ಹೊರಗೆ ಕಳಿಸುವಂತೆ ಹುಡುಗಿ ಬದಲಾಯಿಸಿದಳು. ಮನೆಯವರ ಹೆಸರು, ಫೋನ್ ನಂಬರು ಹೊರಗೆ ಹೋಗಬಾರದೆಂದು ಅವುಗಳ ಬದಲಿಗೆ ಒಂದು ಸಂಖ್ಯೆ ಹೋಗುವ ಹಾಗೆ ಮಾಡಿದಳು. ಕನ್ನಡವನ್ನು ಅಳಿಸದೆ ಮೇಲೆಯೇ ಉಳಿಸಿದ್ದೂ ಅವಳೇ. "ಯಾರು ಹೇಳಿದ ಮಾತೋ ಅದು ಮೇಲಿರ್ಬೇಕು ಅಮ್ಮಾ" ಎಂದಳು.

ಸಖಿಯರ ಫೋನಿಗೂ ಹೊಸ ಆ್ಯಪ್ ಬಂತು. ಇನ್ನು ಫೋಟೋ ಕಳಿಸುವುದಿಲ್ಲ, ನಾನು ಏರಿಸುವುದಿಲ್ಲ. ಅವರು ಕೊಟ್ಟಿಗೆಯಲ್ಲಿ ನಿಂತು ಬರೆದದ್ದು ನೇರ ಡಾಕ್ಟರ ಪರದೆಗೆ. ಹಾಲು ತೀರಾ ಕಡಿಮೆ ಎಂದಿದ್ದರೆ, ಮೇವು ಬಿಟ್ಟಿದ್ದರೆ, ಹಸು ಏಳದಿದ್ದರೆ ಆ ಸಾಲು ಕೆಂಪಾಗಬೇಕೆಂದು ಡಾಕ್ಟರು ಹೇಳಿದ್ದರು.

ಪರೀಕ್ಷೆಗೆ ಬಿಟ್ಟ ಮೊದಲ ಬೆಳಿಗ್ಗೆ ಪರದೆಯೆಲ್ಲ ಕೆಂಪು. ಪರದೆಯ ಪ್ರಕಾರ ಹೊಸಕೋಟೆ ಕಡೆಯಲ್ಲೇ ಎಷ್ಟೋ ಹಸುಗಳು ಹಾಲು ಬತ್ತಿಸಿಕೊಂಡು ನಿಂತಿದ್ದವು. ಡಾಕ್ಟರು ಗಾಬರಿಯಾಗಿ, ಏನೋ ರೋಗ ಹರಡಿದೆ ಎಂದು ಗಾಡಿಯನ್ನು ಸೂಲಿಬೆಲೆಗೆ ಓಡಿಸಿದರು. ಅಲ್ಲಿ ಹಸು ಆರಾಮಾಗಿ ಮೆಲುಕು ಹಾಕುತ್ತಿತ್ತು. ಮನೆಯಾಕೆ, "ಯಾರ್ರೀ ನನ್ನ ಹಸೂಗೆ ಕಾಯಿಲೆ ಅಂದೋರು?" ಎಂದು ಗಾಡಿಯವರನ್ನು ಬಾಗಿಲಿನಲ್ಲೇ ತಡೆದಳಂತೆ. ಅದೇ ಹೊತ್ತಿನಲ್ಲಿ ದೊಡ್ಡಬಳ್ಳಾಪುರದ ಆಚೆ ಒಂದು ಹಳ್ಳಿಯಲ್ಲಿ ಆಗಷ್ಟೇ ಕರು ಹಾಕಿದ ಹಸು ಮಲಗಿಬಿಟ್ಟಿತ್ತು. ಕತ್ತು ಹೊಟ್ಟೆಯ ಕಡೆ ತಿರುಗಿ, ಕಿವಿ ತಣ್ಣಗಾಗಿತ್ತು. ಅದೂ ಕೆಂಪು ಸಾಲೇ. ಆದರೆ ಅಷ್ಟು ಕೆಂಪಿನ ನಡುವೆ ಎಲ್ಲೋ ಕೆಳಗಿತ್ತು. ಗಾಡಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ರಕ್ತನಾಳಕ್ಕೆ ಕ್ಯಾಲ್ಸಿಯಂ ಹಾಕಿದ ಮೇಲೆ ಹಸು ಎದ್ದು ನಿಂತಿತು. ಇನ್ನೂ ತಡವಾಗಿದ್ದರೆ ಏಳುತ್ತಿರಲಿಲ್ಲ ಎಂದು ಡಾಕ್ಟರು ಬರೆದು ಕಳಿಸಿದರು.

ಮ್ಯಾನೇಜರು ಮಾರನೆಯ ದಿನ ಹುಡುಗಿಯನ್ನೂ ನನ್ನನ್ನೂ ಕರೆದರು. ಸೂಲಿಬೆಲೆ ಕಡೆಯ ಸಖಿಗೂ ಬರಲು ಹೇಳಿದ್ದರು. ಆಕೆ ಬಾಯಿ ಜೋರಿನವಳು, ನಮ್ಮ ಊರೂ ಆಕೆಯ ಸುತ್ತಿಗೇ ಸೇರುತ್ತದೆ.

"ಅನುವಾದ ತಪ್ಪಾಗಿದೆಯಾ?" ಎಂದು ಮ್ಯಾನೇಜರು ಕೇಳಿದರು.

ಹುಡುಗಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಮೇಲೆ ಕನ್ನಡ: "ಹಾಲು ಕರುವಿಗೂ ಸಾಲಲ್ಲ." ಕೆಳಗೆ ಇಂಗ್ಲಿಷಿನಲ್ಲೂ ಅದೇ ಅರ್ಥ. ತಪ್ಪೇನೂ ಇರಲಿಲ್ಲ.

ಮ್ಯಾನೇಜರು ಸಖಿಯ ಕಡೆ ತಿರುಗಿದರು. "ಇದು ನೀವು ಬರೆದಿದ್ದೇ ತಾನೇ?"

"ನಾನೇ ಸಾರ್. ಆಯಮ್ಮ ಹಂಗೇ ಅಂದ್ಳು, ಹಂಗೇ ಬರ್ದೆ."

"ಹಸು ಚೆನ್ನಾಗಿದೆಯಲ್ಲ!"

"ಚೆನ್ನಾಗಿರೋ ಹಸೂನ ಚೆನ್ನಾಗೈತೆ ಅಂತ ಯಾರು ಸಾರ್ ಹೇಳ್ತಾರೆ? ಕಣ್ಣು ಬೀಳಲ್ವಾ? ಅವಳ ಹಸು ತುಂಬಿದ ಕ್ಯಾನು ಕೊಡ್ತದೆ. ಅದಕ್ಕೇ ಕರುವಿಗೂ ಸಾಲಲ್ಲ ಅಂದ್ಳು."

"ಮತ್ತೆ ಇಷ್ಟು ವರ್ಷ ಹೇಗೆ ನಡೀತಿತ್ತು?"

ಸಖಿ ನನ್ನ ಕಡೆ ನೋಡಿದಳು. "ಅಕ್ಕಂಗೆ ಫೋನ್ ಮಾಡ್ತಿದ್ವಲ್ಲ."

ಆಗ ನನಗೂ ಹೊಳೆಯಿತು. ಫೋಟೋ ಕಳಿಸಿದ ಮೇಲೆ ಅವರೆಲ್ಲ ಒಂದು ಫೋನು ಮಾಡುತ್ತಿದ್ದರು. "ಅಕ್ಕ, ಬರ್ದಿರೋದು ಬಿಡು, ಹಾಲೇನೂ ಕಮ್ಮಿಯಾಗಿಲ್ಲ." ನಾನು ಹಾಲಿನ ಜಾಗದಲ್ಲಿ 'ಸರಿ ಇದೆ' ಎಂದು ಒತ್ತುತ್ತಿದ್ದೆ. ನಿಜವಾಗಿ ಕಡಿಮೆಯಾಗಿದ್ದರೆ ಅದನ್ನೂ ಬಾಯಿಂದಲೇ ಹೇಳುತ್ತಿದ್ದರು. ಅದು ಒಂದು ಕೆಲಸ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ. ಕುಶಲ ಕೇಳಿದ ಹಾಗೆ ಅದೂ ಒಂದು ಮಾತು. ಕೆಲಸದ ಹಂತಗಳನ್ನು ಹುಡುಗಿ ಒಂದೊಂದಾಗಿ ಕೇಳಿ ಬರೆದುಕೊಂಡಾಗ ನಾನು ಅದನ್ನು ಹೇಳಲೇ ಇಲ್ಲ. ಹೊಸ ದಾರಿಯಲ್ಲಿ ಆ ಫೋನಿಗೆ ಜಾಗವೂ ಇರಲಿಲ್ಲ.

"ಸರಿ, ಇನ್ಮೇಲೆ ಸಖಿಯರೇ ನಿಜವಾದ ಅಳತೆ ಬರೀಲಿ" ಎಂದರು ಮ್ಯಾನೇಜರು.

"ಆಗಕ್ಕಿಲ್ಲ ಸಾರ್. ಕೊಟ್ಟಿಗೇಲಿ ನಿಂತ್ಕೊಂಡು ಇಷ್ಟು ಲೀಟ್ರು ಅಂತ ನಾನು ಬರ್ದು, ನಾಳೆ ಆ ಹಸು ಒದ್ರೆ? ನಿನ್ನ ಕೈಬರಹಾನೇ ತಗುಲ್ತು ಅಂತಾರೆ. ಆಮೇಲೆ ಯಾವ ಮನೇಲೂ ಬಾಗಿಲು ತೆಗಿಯಲ್ಲ."

"ಹಾಗಾದ್ರೆ ಇಂಗ್ಲಿಷ್ ಫಾರಮ್ಮೇ ಗತಿ. ಟಿಕ್ ಹಾಕೋದು, ಮುಗೀತು. ತಿಂಗಳ ಕೊನೆಗೆ ತೀರ್ಮಾನ ಮಾಡ್ತೀನಿ."

ಸಖಿ ಎದ್ದು ಮೆಟ್ಟಿಲು ಇಳಿದಳು.

ಹಾಲಿನ ಮಾತನ್ನೇ ಕೆಂಪಿನ ನಿಯಮದಿಂದ ತೆಗೆದುಬಿಡಬಹುದಿತ್ತು. ಹುಡುಗಿ ಅದನ್ನೂ ಮಾಡಿ ನೋಡಿದಳು. ಆಗ ನಿಜವಾಗಿ ಹಾಲು ಇಳಿದ ಹಸುಗಳೂ ಬಿಟ್ಟುಹೋದವು. ಹಾಲು ಇಳಿಯುವುದೇ ಎಷ್ಟೋ ಕಾಯಿಲೆಯ ಮೊದಲ ಗುರುತು, ಅದಿಲ್ಲದೆ ನಾನೇನು ನೋಡಲಿ ಎಂದು ಡಾಕ್ಟರು ಒಪ್ಪಲಿಲ್ಲ.

"ಅಮ್ಮಾ, ಹಾಲು ಕರೆದ ಮೇಲೆ ಎಲ್ಲಿಗೆ ಹೋಗ್ತದೆ?" ಎಂದು ಒಂದು ದಿನ ಕೇಳಿದಳು.

"ಡೈರಿಗೆ."

"ನಾನು ನೋಡ್ಬೇಕಲ್ಲ."

ಮರುದಿನ ಬೆಳಿಗ್ಗೆ ಸ್ಕೂಟರಿನಲ್ಲಿ ನಮ್ಮೂರಿಗೇ ಬಂದಳು. ನಾನು ನಮ್ಮ ಹಸುವಿನ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದೆ. ಅವಳು ಡೈರಿಯ ಕಟ್ಟೆಯ ಮೇಲೆ ಕೂತು ನೋಡಿದಳು. ಒಬ್ಬೊಬ್ಬರಾಗಿ ಹಾಲು ಸುರಿಯುವುದು, ಯಂತ್ರ ಅಳೆಯುವುದು, ಚೀಟಿ ಬರುವುದು. ಚೀಟಿ ಬಂದ ತಕ್ಷಣ ಹೆಂಗಸರು ಅದನ್ನು ಯಾರಿಗೂ ಕಾಣದಂತೆ ಮಡಿಸಿ ರವಿಕೆಯೊಳಗೆ ಸೇರಿಸುವುದು. ನನ್ನ ಚೀಟಿಯನ್ನು ನಾನೂ ಹಾಗೇ ಸೇರಿಸಿದೆ. ಅವಳು ನಕ್ಕಳು.

"ನಿಜವಾದ ಅಳತೆ ಇಲ್ಲೇ ಇದೆಯಲ್ಲ ಅಮ್ಮಾ! ಎರಡು ಹೊತ್ತೂ ಈ ಕಂಪ್ಯೂಟರಿಗೆ ಬರ್ತಾ ಇದೆ. ಸಖಿ ಯಾಕೆ ಬರೀಬೇಕು? ಆಯಮ್ಮ ಹೇಳಿದ ಮಾತು ಹಂಗೇ ಇರ್ಲಿ. ಅದರ ಪಕ್ಕಕ್ಕೆ ಇದನ್ನ ತಂದು ನಿಲ್ಲಿಸ್ತೀನಿ."

ನಮ್ಮ ವ್ಯವಸ್ಥೆ ಇರುವುದೇ ಅದಕ್ಕೆ. ಡೈರಿಯ ಮಾಹಿತಿ ಡೈರಿಯಲ್ಲೇ ಇರುತ್ತದೆ, ಡಾಕ್ಟರು ನೋಡುವಾಗ ಮಾತ್ರ ಆ ಮನೆಯ ಅಳತೆ ಬಂದು ಬರಹದ ಪಕ್ಕ ಕೂರುತ್ತದೆ. ಮನೆಯಲ್ಲಿ ಇಟ್ಟುಕೊಂಡ ಹಾಲು, ಕರು ಕುಡಿದದ್ದು ಅದರಲ್ಲಿ ಸೇರುವುದಿಲ್ಲ. ಆದರೆ ನಿನ್ನೆ ಮೊನ್ನೆಗಿಂತ ಇಳಿದಿದೆಯೇ ಎಂಬುದು ತಿಳಿದರೆ ಸಾಕು, ಹಾಲಿನ ವಿಷಯದಲ್ಲಿ ಅದು ಇಳಿದಿದ್ದರೆ ಮಾತ್ರ ಸಾಲು ಕೆಂಪಾಗಲಿ ಎಂದರು ಡಾಕ್ಟರು. ಎರಡು ಮೂರು ಹಸುವಿರುವ ಮನೆಯಲ್ಲಿ ಯಾವುದರ ಹಾಲು ಇಳಿಯಿತೆಂದು ಇದರಿಂದ ತಿಳಿಯುವುದಿಲ್ಲ. ಅಲ್ಲಿ ಸಖಿಗೆ ಫೋನು ಮಾಡಿ ಕೇಳುವುದೆಂದಾಯಿತು. ಆ ಕೊರತೆ ಇವತ್ತಿಗೂ ಇದೆ.

ನಮ್ಮೂರ ಡೈರಿಯ ಸೆಕ್ರೆಟರಿ ಮಾತ್ರ ಆಗಲ್ಲವೆಂದು ತಲೆಯಾಡಿಸಿದರು. "ನಾನೊಬ್ಬನೇ ಕೊಡಕ್ಕಾಗಲ್ಲ. ಮೆಂಬರುಗಳು ಒಪ್ಪಬೇಕು. ನಮ್ಮೂರಿಂದಲೇ ಶುರು ಮಾಡಿ, ನೋಡೋಣ."

ಒಂದು ಭಾನುವಾರ, ಬೆಳಗಿನ ಹಾಲು ಹಾಕಿದ ಮೇಲೆ ಎಲ್ಲರನ್ನೂ ಕಟ್ಟೆಯ ಬಳಿ ನಿಲ್ಲಿಸಿಕೊಂಡೆವು. ಹುಡುಗಿ ಚೆನ್ನಾಗಿಯೇ ವಿವರಿಸಿದಳು. ಸಖಿಯೂ ಜೊತೆಗೂಡಿದಳು. ಎಲ್ಲರೂ ಕೇಳಿದರು. ಕೊನೆಗೆ ನಮ್ಮ ಬೀದಿಯ ಒಬ್ಬ ಮುದುಕಿ ಕೇಳಿದಳು: "ನಮ್ಮ ಹಾಲಿನ ಲೆಕ್ಕ ಯಾರ್ಯಾರಿಗೆ ಕಾಣ್ತದೆ?"

"ಡಾಕ್ಟರಿಗೆ, ಮ್ಯಾನೇಜರಿಗೆ, ಆಮೇಲೆ ಈ ಅಮ್ಮಂಗೆ" ಎಂದಳು ಹುಡುಗಿ.

ಎಲ್ಲರೂ ನನ್ನ ಕಡೆ ತಿರುಗಿದರು. ಒಬ್ಬಳು ಕ್ಯಾನು ಎತ್ತಿಕೊಂಡಳು. "ಹಂಗಂದ್ರೆ ನಮ್ಮ ಬೀದಿಯೋಳೇ ದಿನಾ ಕೂತ್ಕೊಂಡು ನಮ್ಮ ಹಾಲು ನೋಡ್ತಾಳೆ ಅನ್ನು" ಎಂದು ಇನ್ನೊಬ್ಬಳು ಅಂದಳು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ಸಖಿ ನನ್ನ ಬೆನ್ನು ತಿವಿದು, "ಅಕ್ಕ, ಏನಾರ ಮಾತಾಡು, ಹೊಂಟೋಯ್ತಾರೆ" ಎಂದಳು.

ನಾನು ಅಷ್ಟು ಜನರೆದುರು ಯಾವತ್ತೂ ಮಾತಾಡಿದವಳಲ್ಲ. ಡೈರಿಯ ಸಭೆಗಳಲ್ಲಿ ಕಂಬದ ಹಿಂದೆ ಕೂತು ಸಹಿ ಹಾಕಿ ಬರುವವಳು. ಹುಡುಗಿಯ ಕಡೆ ತಿರುಗಿ, ಅವಳಿಗೆ ಮಾತ್ರ ಹೇಳುವಂತೆ ಹೇಳಿದೆ.

"ನನಗೆ ಕಾಣೋದು ಬೇಡ. ಮುಚ್ಚಿಬಿಡು."

"ಅಮ್ಮಾ, ನಿಮ್ಮ ಕೆಲಸಕ್ಕೆ ಬೇಕಾಗ್ತದೆ."

"ಬೇಡ. ಕೆಂಪಾಗಿದೆಯೋ ಇಲ್ವೋ ಅಷ್ಟು ಕಂಡ್ರೆ ಸಾಕು. ಮ್ಯಾನೇಜರಿಗೂ ಬೇಡ. ಹಸು ನೋಡೋರು ಡಾಕ್ಟರು ತಾನೇ? ಅವರಿಗೊಬ್ಬರಿಗೇ ಇರ್ಲಿ. ಮೊದಲು ನನ್ನ ಲೆಕ್ಕ ಸೇರ್ಸು."

ಹುಡುಗಿ ಮ್ಯಾನೇಜರಿಗೆ ಫೋನು ಮಾಡಿ ಕೇಳಿದಳು. "ಡಾಕ್ಟರಿಗೆ ಕಂಡ್ರೆ ಸಾಕು, ನನಗ್ಯಾಕೆ" ಎಂದರಂತೆ. ಅವಳು ಒಂದು ಖಾಲಿ ಕ್ಯಾನು ಬೋರಲು ಹಾಕಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಯಾರಿಗೆ ಯಾವ ಕಾಲಂ ಕಾಣಬೇಕು ಎಂಬುದನ್ನು ಅಲ್ಲೇ ಬದಲಾಯಿಸಿದಳು. ನನ್ನ ಲೆಕ್ಕ ಜೋಡಿಸಿದಳು. ನನ್ನ ಫೋನಿನಲ್ಲಿ ನನ್ನದೇ ಹಸುವಿನ ಸಾಲು ತೆರೆದರೆ ಹಾಲಿನ ಜಾಗದಲ್ಲಿ ಚುಕ್ಕಿಗಳು. ಫೋನು ಕೈಯಿಂದ ಕೈಗೆ ಹೋಯಿತು.

"ಅಯ್ಯೋ, ನಿಂದೇ ನಿಂಗೆ ಕಾಣಲ್ವೇನೇ?" ಎಂದಳು ಮುದುಕಿ.

"ನಂದು ನಂಗೆ ಗೊತ್ತಲ್ಲ ಅಜ್ಜಿ, ಚೀಟಿ ಇದೆ" ಎಂದೆ.

ಎಲ್ಲರೂ ನಕ್ಕರು. ಕ್ಯಾನು ಎತ್ತಿಕೊಂಡಿದ್ದವಳು ಅದನ್ನು ಕೆಳಗಿಟ್ಟಳು. ಮುದುಕಿಯೇ ಮೊದಲು ಹೆಬ್ಬೆಟ್ಟು ಒತ್ತಿದಳು. ಆಮೇಲೆ ಸುತ್ತಲ ಊರುಗಳ ಡೈರಿಗಳಿಗೆ ಸಖಿಯೇ ಹೋಗಿ ಹೇಳಿದಳು. ನನ್ನ ಫೋನನ್ನೂ ಒಯ್ಯುತ್ತಿದ್ದಳು, ಚುಕ್ಕಿ ತೋರಿಸಲು.

ತಿಂಗಳ ಕೊನೆಗೆ ಮ್ಯಾನೇಜರು ಡಾಕ್ಟರನ್ನು ವಿಡಿಯೋದಲ್ಲಿ ಕರೆದು ನಮ್ಮೆದುರೇ ಪರದೆ ತೆರೆಸಿದರು. ನಾನು ಕ್ಯಾಮೆರಾಕ್ಕೆ ಸಿಗದ ಕಡೆ ಕೂತೆ. ಆ ದಿನ ಬೆಳಿಗ್ಗೆ ಬಂದ ಎರಡು ಬರಹ ಒಂದರ ಕೆಳಗೊಂದಿದ್ದವು. ಎರಡರಲ್ಲೂ ಒಂದೇ ಮಾತು: ಹಾಲು ಕರುವಿಗೂ ಸಾಲಲ್ಲ. ಇಂಗ್ಲಿಷೂ ಒಂದೇ. ಮೇಲಿನದು ಮಾಮೂಲಿ ಬಣ್ಣದಲ್ಲಿತ್ತು. ಕೆಳಗಿನದು ಕೆಂಪು. ಮೇಲಿನ ಮನೆಯ ಹಾಲು ಎಂದಿನಂತೆ ಇದೆ, ಕೆಳಗಿನ ಮನೆಯದು ಮೊನ್ನೆಯಿಂದ ಇಳಿಯುತ್ತಿದೆ, ಗಾಡಿ ಆಗಲೇ ಹೊರಟಿದೆ ಎಂದರು ಡಾಕ್ಟರು. ಮಧ್ಯಾಹ್ನದೊಳಗೆ ಸುದ್ದಿ ಬಂತು. ಕೆಚ್ಚಲು ಬಾವು, ಆಗಷ್ಟೇ ಶುರುವಾಗಿತ್ತು, ಬೇಗ ಸಿಕ್ಕಿತು.

ಮ್ಯಾನೇಜರು ಪರದೆಯನ್ನು ಸ್ವಲ್ಪ ಹೊತ್ತು ನೋಡಿ, "ಆ ಇಂಗ್ಲಿಷ್ ಫಾರಂ ಪ್ರಿಂಟಿಗೆ ಕಳಿಸ್ಬೇಡಿ" ಎಂದು ಎದ್ದರು.

ಸಖಿಗೆ ನಾನೇ ಫೋನು ಮಾಡಿದೆ. ಅವಳು ಯಾವುದೋ ಕೊಟ್ಟಿಗೆಯಲ್ಲಿದ್ದಳು, ಹಿಂದೆ ಕರು ಕೂಗುತ್ತಿತ್ತು. "ಬದುಕ್ಕೊಂಡೆ ಬಿಡಕ್ಕ. ಎಬಿಸಿಡಿ ಕಲ್ಯಕ್ಕೆ ಮಗಳ ಪುಸ್ತಕ ತಗ್ದಿಟ್ಟಿದ್ದೆ" ಎಂದಳು.

ಹುಡುಗಿ ಕೆಲಸ ಮುಗಿಸಿ ಬೇರೆ ಕಡೆ ಹೋದಳು. ರಂಜಾನ್ ಹಬ್ಬಕ್ಕೆ ಈಗಲೂ ಹಾಲು ಶಾವಿಗೆಯ ಶೀರ್ ಕುರ್ಮಾ ಕಳಿಸುತ್ತಾಳೆ. ಸಖಿ ವಾರಕ್ಕೊಮ್ಮೆ ನಮ್ಮ ಮನೆಗೂ ಬರುತ್ತಾಳೆ, ಬೇರೆಯವರ ಮನೆಗೆ ಹೋಗುವ ಹಾಗೇ. ಹಸುವಿನ ಬೆನ್ನು ಸವರಿ, ಕೆಚ್ಚಲು ಮುಟ್ಟಿ, ಫೋನು ತೆಗೆದು, ನಗು ತಡೆದುಕೊಂಡು ಕೇಳುತ್ತಾಳೆ.

"ಹಾಲು ಹೆಂಗೈತಕ್ಕ?"

"ಎಲ್ಲಿ ಬಂತಮ್ಮ, ಕರುವಿಗೂ ಸಾಲಲ್ಲ" ಎನ್ನುತ್ತೇನೆ. ಅವಳು ಹಾಗೇ ಬರೆದುಕೊಳ್ಳುತ್ತಾಳೆ.

ನೀವು ಬಂದಾಗ ಬೆಳಿಗ್ಗೆ ದೊಡ್ಡ ಲೋಟದ ತುಂಬ ಕುಡಿಯುತ್ತೀರಲ್ಲ, ಅದು ಆ ಹಾಲೇ.